ಯರಗೋಳು ಡ್ಯಾಮ್, ಹಾರ್ಮನ್ ಸಿದ್ಧಾಂತ: ಅಂತರರಾಷ್ಟ್ರೀಯ ಕಾನೂನಿನಲ್ಲಿ ಸಿದ್ಧಾಂತಗಳಿಗೆ ತೂಕ ಎಷ್ಟು?

ಮಾಲೂರು_ಓದುಗಿ:

ಎಲ್ಲರಿಗೂ ನಮಸ್ಕಾರ. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ಓದುವ ಗುಂಪಿನಲ್ಲಿ ಯರಗೋಳು ಡ್ಯಾಮ್ ಮಾತು ಬಂತು. ತಮಿಳುನಾಡಿಗೆ ಹರಿಯುವ ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ನಮ್ಮ ಕೋಲಾರ ಜಿಲ್ಲೆಯಲ್ಲಿ ಕಟ್ಟಿದ ಡ್ಯಾಮ್ ಅದು. ಒಬ್ಬರು "ನಮ್ಮ ನೆಲದಲ್ಲಿ ಹರಿಯುವ ನೀರು ನಮ್ಮದು, ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೆ ಹಾರ್ಮನ್ ಸಿದ್ಧಾಂತ ಅಂತಲೇ ಇದೆ, ತಮಿಳುನಾಡು ಕೇಳುವ ಹಾಗೇ ಇಲ್ಲ" ಅಂದರು. ಇನ್ನೊಬ್ಬರು "ಅದೆಲ್ಲ ಹಳೇದು, ಈಗ ಹೆಲ್ಸಿಂಕಿ ನಿಯಮ" ಅಂದರು. ಇಬ್ಬರೂ ಹೆಸರು ಹೇಳಿ ಸುಮ್ಮನಾದರು, ಅಲ್ಲಿಗೆ ವಾದ ಮುಗಿಯಿತು ಅನ್ನುವ ಹಾಗೆ. ನನಗೆ ಗೊತ್ತಾಗಬೇಕಿರುವುದು ಇಷ್ಟು. ಈ ಸಿದ್ಧಾಂತಗಳು ಕಾನೂನಾ? ಯಾರು ಮಾಡಿದ್ದು? ಕೋರ್ಟ್ ಇವನ್ನು ಪಾಲಿಸಲೇಬೇಕಾ? ಗೈಡುಗಳಲ್ಲಿ ಪಟ್ಟಿ ಇದೆ, ಅವು ಹೇಗೆ ಕೆಲಸ ಮಾಡುತ್ತವೆ ಅಂತ ಎಲ್ಲೂ ಇಲ್ಲ. ತಿಳಿದವರು ಬಿಡಿಸಿ ಹೇಳಿ.

ತುಮಕೂರು_ವಕೀಲ:

ಮೇಡಂ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಹಾರ್ಮನ್ ಕಥೆ. ಅಮೆರಿಕ ಮತ್ತು ಮೆಕ್ಸಿಕೋ ನಡುವೆ ರಿಯೋ ಗ್ರಾಂಡೆ ನದಿ ಇದೆ. ಮೇಲ್ಗಡೆ ಅಮೆರಿಕದ ರೈತರು ನೀರು ಎಳೆದುಕೊಂಡರು, ಕೆಳಗಡೆ ಮೆಕ್ಸಿಕೋದ ಹ್ವಾರೆಸ್ ಕಡೆಯ ಹೊಲಗಳು ಒಣಗಿದವು. ಮೆಕ್ಸಿಕೋ ದೂರು ಕೊಟ್ಟಿತು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಅವರ ಅಭಿಪ್ರಾಯ ಕೇಳಿತು. 1895ರಲ್ಲಿ ಅವರು ಬರೆದುಕೊಟ್ಟರು: ನಮ್ಮ ನೆಲದ ಮೇಲೆ ನಮ್ಮದೇ ಪೂರ್ತಿ ಅಧಿಕಾರ, ಮೆಕ್ಸಿಕೋಗೆ ನೀರು ಬಿಡಲೇಬೇಕು ಅನ್ನುವ ನಿಯಮ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಲ್ಲ. ಇಷ್ಟೇ. ಯಾವ ಕೋರ್ಟಿನ ತೀರ್ಪೂ ಅಲ್ಲ, ಒಪ್ಪಂದವೂ ಅಲ್ಲ. ಜಗಳದಲ್ಲಿರುವ ಒಂದು ಪಕ್ಷಕ್ಕೆ ಅದರ ವಕೀಲರು ಬರೆದುಕೊಟ್ಟ ಅಭಿಪ್ರಾಯ. ನಾನೂ ನನ್ನ ಕಕ್ಷಿದಾರರಿಗೆ ಇಂಥವು ಬರೆದುಕೊಡುತ್ತೇನೆ. ಎದುರು ಪಾರ್ಟಿ ಅದನ್ನು ಕಾನೂನು ಅಂತ ಒಪ್ಪಬೇಕಾಗಿಲ್ಲ.

ಆಮೇಲೆ ಏನಾಯಿತು ಅನ್ನುವುದು ಇನ್ನೂ ಮುಖ್ಯ. 1906ರಲ್ಲಿ ಅದೇ ಅಮೆರಿಕ ಅದೇ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 60,000 ಎಕರೆ ಅಡಿ ನೀರು ಕೊಡುತ್ತೇವೆ ಅಂತ ಒಪ್ಪಿತು. ನಮ್ಮ ಲೆಕ್ಕದಲ್ಲಿ ಸುಮಾರು 2.6 ಟಿಎಂಸಿ, ಅಂದರೆ ಅರ್ಧ ಟಿಎಂಸಿಯ ಯರಗೋಳು ಡ್ಯಾಮ್ ಐದು ಸಲ ತುಂಬುವಷ್ಟು. ಮೆಕ್ಸಿಕೋದ ಹಕ್ಕನ್ನು ನಾವು ಒಪ್ಪಿದ್ದೇವೆ ಅಂತ ತಿಳಿಯಬೇಡಿ ಅಂತ ಒಪ್ಪಂದದಲ್ಲೇ ಬರೆಸಿದರು, ನೀರನ್ನೂ ಕೊಟ್ಟರು. 1944ರ ಇನ್ನೊಂದು ಒಪ್ಪಂದದಲ್ಲಿ ಕೊಲೊರಾಡೊ ನದಿಯಿಂದ ವರ್ಷಕ್ಕೆ 15 ಲಕ್ಷ ಎಕರೆ ಅಡಿ ಕೊಡಲು ಒಪ್ಪಿದರು. ಸಿದ್ಧಾಂತ ಹೇಳಿದ ದೇಶವೇ ಅದರ ಪ್ರಕಾರ ನಡೆದುಕೊಳ್ಳಲಿಲ್ಲ.

ಅಂತರರಾಷ್ಟ್ರೀಯ ಕಾನೂನಿಗೆ ಪಾರ್ಲಿಮೆಂಟ್ ಇಲ್ಲ. ದೇಶಗಳ ಒಪ್ಪಂದಗಳು, ಕಾನೂನು ಅಂತ ನಂಬಿ ದೇಶಗಳು ಪಾಲಿಸಿಕೊಂಡು ಬಂದ ರೂಢಿ, ದೇಶಗಳ ಕಾನೂನುಗಳು ಸಾಮಾನ್ಯವಾಗಿ ಒಪ್ಪಿಕೊಂಡಿರುವ ತತ್ವಗಳು, ಇವೇ ಮೂಲ. ಅದಕ್ಕೇ ಯಾವ ಸಿದ್ಧಾಂತ ಕಂಡರೂ ನಾನು ಮೊದಲು ನೋಡುವುದು ಯಾರು ಹೇಳಿದರು, ಆಗ ಅವರಿಗೆ ಏನು ಬೇಕಿತ್ತು, ಎದುರಿನವರು ಏನಂದರು, ಹೇಳಿದವರೇ ಆಮೇಲೆ ಹೇಗೆ ನಡೆದುಕೊಂಡರು. ಹಾರ್ಮನ್ ಅಭಿಪ್ರಾಯಕ್ಕೆ ಈ ಪರೀಕ್ಷೆ ಇಟ್ಟರೆ ಅದರಲ್ಲಿ ಉಳಿಯುವುದು ಬಹಳ ಕಡಿಮೆ.

ಚಿಂತಾಮಣಿ_ಮೇಷ್ಟ್ರು:

ವಕೀಲರೇ, ವಿವರಣೆ ಚೆನ್ನಾಗಿದೆ. ಆದರೆ ನನಗೆ ಒಂದು ಕಡೆ ಒಪ್ಪಿಗೆ ಇಲ್ಲ. ದೊಡ್ಡವರು ಹೇಳಿದರೆ ಸಿದ್ಧಾಂತ, ಸಣ್ಣವರು ಹೇಳಿದರೆ ದೂರು. ನಡೆಯುವುದು ಹೀಗೇ ಅಲ್ವಾ?

ನಮ್ಮನ್ನೇ ನೋಡಿ. 1892ರಲ್ಲಿ ಮದರಾಸು ಸರ್ಕಾರ ಮೈಸೂರಿನ ಜೊತೆ ಒಪ್ಪಂದ ಮಾಡಿಕೊಂಡಿತು. ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದು ಅಂತ ನದಿಗಳ ಪಟ್ಟಿಯನ್ನೇ ಮಾಡಿದರು. ಆ ಪಟ್ಟಿಯಲ್ಲಿ ಇರುವುದು ಕಾವೇರಿ ಒಂದೇ ಅಲ್ಲ. ಪಾಲಾರ್ ಇದೆ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಇವೆ, ಚಿತ್ರಾವತಿ, ಪಾಪಾಗ್ನಿ ಕೂಡ ಇವೆ. ಕೋಲಾರ, ಚಿಕ್ಕಬಳ್ಳಾಪುರದ ಮುಖ್ಯ ಹೊಳೆಗಳೇ ಸೇರಿವೆ. ಮದರಾಸಿನ ಹಿಂದೆ ಬ್ರಿಟಿಷರಿದ್ದರು, ಮೈಸೂರಿನ ತಲೆಯ ಮೇಲೂ ಬ್ರಿಟಿಷರೇ ಇದ್ದರು. ಇದನ್ನು ಎರಡು ಸಮಾನ ಪಕ್ಷಗಳ ಒಪ್ಪಂದ ಅಂತ ಹೇಗೆ ಕರೆಯುವುದು? ಸಾವಿರ ಅಡಿ ಬೋರ್ ಕೊರೆಸಿ ಫ್ಲೋರೈಡ್ ನೀರು ಕುಡಿಯುವ ಊರುಗಳಲ್ಲಿ ಪಾಠ ಮಾಡಿದವನು ನಾನು. ಸಿದ್ಧಾಂತದ ಮಾತು ಬಂದಾಗ ನನಗೆ ಕೋಪ ಬರುತ್ತದೆ.

ಗೌರಿಬಿದನೂರು_ಲಾ:

ಮೇಷ್ಟ್ರೇ, ನಾನು ಕಾನೂನು ಕೊನೇ ವರ್ಷ ಓದುತ್ತಿದ್ದೇನೆ. ನಿಮ್ಮ ಕೋಪ ನ್ಯಾಯವಾದದ್ದು. ಆದರೆ ಸಣ್ಣ ದೇಶಗಳು ಹೇಳಿದ ಸಿದ್ಧಾಂತಗಳೂ ಇವೆ, ಅವು ಗೆದ್ದದ್ದೂ ಇದೆ.

1902ರ ಕೊನೆಯಲ್ಲಿ ವೆನೆಜುವೆಲಾ ಸಾಲ ಕಟ್ಟಲಿಲ್ಲ ಅಂತ ಬ್ರಿಟನ್, ಜರ್ಮನಿ, ಇಟಲಿ ಯುದ್ಧಹಡಗು ತಂದು ಅದರ ಬಂದರುಗಳನ್ನು ಮುಚ್ಚಿದವು. ಆಗ ಅರ್ಜೆಂಟೀನಾದ ವಿದೇಶಾಂಗ ಮಂತ್ರಿ ಲೂಯಿಸ್ ಮರಿಯಾ ಡ್ರಾಗೊ ಒಂದು ಪತ್ರ ಬರೆದರು. ಸರ್ಕಾರಿ ಸಾಲ ವಸೂಲಿಗೆ ಸೈನ್ಯ ಬಳಸಬಾರದು ಅಂದರು. ಅದೇ ಡ್ರಾಗೊ ಸಿದ್ಧಾಂತ. ಐದು ವರ್ಷದಲ್ಲಿ, 1907ರ ಹೇಗ್ ಸಮಾವೇಶದಲ್ಲಿ, ಅದು ಒಂದು ಒಪ್ಪಂದವೇ ಆಯಿತು. ಪೂರ್ತಿ ಸಿಗಲಿಲ್ಲ ನಿಜ. ಸಾಲಗಾರ ದೇಶ ಪಂಚಾಯಿತಿಗೆ ಒಪ್ಪದಿದ್ದರೆ ಬಲಪ್ರಯೋಗಕ್ಕೆ ದಾರಿ ಬಿಟ್ಟಿದ್ದರು. ಆದರೂ ಸಾಲ ಕೊಡದ ದೇಶದ ಮೇಲೆ ತೋಪು ಹಾರಿಸುವುದು ಹಕ್ಕು ಅನ್ನುವ ಭಾವನೆಗೆ ಮೊದಲ ಪೆಟ್ಟು ಬಿದ್ದದ್ದು ಆ ಪತ್ರದಿಂದ.

ನಿಮ್ಮ 1892ಕ್ಕೆ ಇನ್ನೂ ಹತ್ತಿರದ್ದು ನೈಲ್ ನದಿಯದ್ದು. 1929ರಲ್ಲಿ ಬ್ರಿಟನ್ ತನ್ನ ವಸಾಹತುಗಳ ಪರವಾಗಿ ಈಜಿಪ್ಟಿಗೆ ಮಾತು ಕೊಟ್ಟಿತು. ಈಜಿಪ್ಟಿನ ಒಪ್ಪಿಗೆ ಇಲ್ಲದೆ, ಅದಕ್ಕೆ ಬರುವ ನೀರು ಕಡಿಮೆಯಾಗುವಂಥ ಕಾಮಗಾರಿ ಮೇಲ್ಗಡೆ ಮಾಡುವುದಿಲ್ಲ ಅಂತ. ಟಾಂಗಾನಿಕಾ (ಈಗಿನ ಟಾಂಜಾನಿಯಾದ ಮುಖ್ಯ ಭಾಗ) 1961ರಲ್ಲಿ ಸ್ವತಂತ್ರ ಆದಾಗ ಅದರ ನಾಯಕ ಜೂಲಿಯಸ್ ನೈರೇರೆ ಹೇಳಿದ್ದು ಇದು: ವಸಾಹತು ಕಾಲದ ಒಪ್ಪಂದಗಳನ್ನು ಎರಡು ವರ್ಷ ಇಟ್ಟುಕೊಂಡು ಪರಿಶೀಲಿಸುತ್ತೇವೆ, ಅಷ್ಟರಲ್ಲಿ ಹೊಸದಾಗಿ ಒಪ್ಪಿಕೊಳ್ಳದಿದ್ದರೆ, ರೂಢಿಯ ಕಾನೂನಿನಂತೆ ಉಳಿಯುವಂಥವನ್ನು ಬಿಟ್ಟು ಉಳಿದವು ಬಿದ್ದುಹೋದಂತೆ. 1929ರ ನೈಲ್ ಒಪ್ಪಂದ ನಮಗೆ ಅನ್ವಯಿಸುವುದಿಲ್ಲ ಅಂತ ಮುಂದೆ ನೇರವಾಗಿ ತಿಳಿಸಿದರು. ಇದನ್ನೇ ನೈರೇರೆ ಸಿದ್ಧಾಂತ ಅನ್ನುತ್ತಾರೆ. ಒಬ್ಬ ಮೇಷ್ಟ್ರೇ ಹೇಳಿದ್ದು ಸರ್, ಅವರು ರಾಜಕೀಯಕ್ಕೆ ಬರುವ ಮುಂಚೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಈಜಿಪ್ಟ್ ಒಪ್ಪಲಿಲ್ಲ. ಆದರೆ ಮೇಲ್ಗಡೆಯ ದೇಶಗಳು ಆ ಮಾತನ್ನು ಕೈಬಿಡಲೂ ಇಲ್ಲ. 2010ರಲ್ಲಿ ಎಂಟೆಬೆಯಲ್ಲಿ ತಮ್ಮದೇ ಒಪ್ಪಂದ ಸಹಿಗೆ ಇಟ್ಟರು, ಅದು 2024ರ ಅಕ್ಟೋಬರಿನಲ್ಲಿ ಜಾರಿಗೂ ಬಂತು.

ಚಿಂತಾಮಣಿ_ಮೇಷ್ಟ್ರು:

ನೈರೇರೆ ವಿಷಯ ಓದಿ ಬಹಳ ಖುಷಿ ಆಯಿತು. ಹಾಗಾದರೆ ನಮ್ಮವರು ಈ ವಾದ ಯಾಕೆ ಮಾಡಲಿಲ್ಲ?

ತುಮಕೂರು_ವಕೀಲ:

ಮಾಡಿದರು ಮೇಷ್ಟ್ರೇ. ಕಾವೇರಿ ಕೇಸಿನಲ್ಲಿ ಕರ್ನಾಟಕ ಇದನ್ನು ಗಟ್ಟಿಯಾಗಿಯೇ ಮುಂದಿಟ್ಟಿತ್ತು. 1892ರದ್ದು, ಆಮೇಲೆ ಕಾವೇರಿ ಬಗ್ಗೆ ಮದರಾಸು-ಮೈಸೂರು ಮಾಡಿಕೊಂಡ 1924ರದ್ದು, ಈ ಒಪ್ಪಂದಗಳು ಸಮಾನರ ನಡುವೆ ಆದದ್ದಲ್ಲ, 1947ರಲ್ಲಿ ಬ್ರಿಟಿಷರ ಪರಮಾಧಿಕಾರ ಹೋದ ಮೇಲೆ ಅವೂ ಹೋದವು ಅಂತ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇವು ರಾಜಕೀಯ ಒಪ್ಪಂದಗಳಲ್ಲ, ಜನರ ನೀರಿನ ಬಳಕೆಗೆ ಸಂಬಂಧಪಟ್ಟವು, ಬಲವಂತ ಅನ್ನುವಂಥದ್ದೂ ಇಲ್ಲ, 1947 ಆದ ಮೇಲೂ ಉಳಿದಿದ್ದವು ಅಂದಿತು. ಆದರೆ 1924ರ ಒಪ್ಪಂದಕ್ಕೆ 50 ವರ್ಷದ ಅವಧಿ ಇತ್ತು, ಅದು 1974ಕ್ಕೆ ಮುಗಿಯಿತು ಅಂತಲೂ ಹೇಳಿತು.

ನನಗೆ ಈ ಭಾಗದ ಬಗ್ಗೆ ಇನ್ನೂ ಅಸಮಾಧಾನ ಇದೆ. ಮೈಸೂರಿನ ದಿವಾನರು ಅಂದು ಎಷ್ಟು ಹೆಣಗಾಡಿದ್ದರು ಅನ್ನುವುದಕ್ಕೆ ಇನ್ನಷ್ಟು ತೂಕ ಸಿಗಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ಒಂದು ವ್ಯತ್ಯಾಸ ಗಮನಿಸಿ. ಟಾಂಗಾನಿಕಾ ಸ್ವತಂತ್ರ ದೇಶ, ಒಪ್ಪದಿದ್ದರೆ ಅದನ್ನು ಎಳೆದು ತರುವ ಕೋರ್ಟ್ ಇರಲಿಲ್ಲ. ಕರ್ನಾಟಕ ಒಂದು ಸಂವಿಧಾನದ ಒಳಗಿನ ರಾಜ್ಯ. ಇಲ್ಲಿ 262ನೇ ವಿಧಿ ಇದೆ, 1956ರ ಅಂತರರಾಜ್ಯ ನದಿ ನೀರಿನ ವಿವಾದಗಳ ಕಾಯ್ದೆ ಇದೆ. ನಮ್ಮ ನೀರಿನ ಜಗಳಕ್ಕೆ ಅಂತರರಾಷ್ಟ್ರೀಯ ಕಾನೂನು ನೇರವಾಗಿ ಅನ್ವಯಿಸುವುದೇ ಇಲ್ಲ. ನ್ಯಾಯಮಂಡಳಿ, ಕೋರ್ಟುಗಳು ಅದರಿಂದ ಆಲೋಚನೆ ತೆಗೆದುಕೊಳ್ಳುತ್ತವೆ ಅಷ್ಟೆ.

ಮಾಲೂರು_ಓದುಗಿ:

ಇದು ನನಗೆ ಯಾರೂ ಹೇಳಿರಲಿಲ್ಲ, ಧನ್ಯವಾದ ಸರ್. ಹಾಗಾದರೆ ಹೆಲ್ಸಿಂಕಿ ನಿಯಮ? ಅದು ಒಪ್ಪಂದವಾ? ಇನ್ನೊಂದು, ಪಂಡಿತರ ಬರಹಗಳೂ ಕಾನೂನಿನ ಮೂಲ ಅಂತ ಓದಿದೆ. ಪ್ರೊಫೆಸರ್ ಬರೆದದ್ದು ಕಾನೂನು ಹೇಗೆ ಆಗುತ್ತದೆ?

ತುಮಕೂರು_ವಕೀಲ:

ಎರಡೂ ಒಂದೇ ಪ್ರಶ್ನೆ. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿಯಲ್ಲಿ ಪಂಡಿತರ ಬರಹಗಳ ಮಾತು ಬರುತ್ತದೆ. ಆದರೆ ಅವು ಕಾನೂನು ಅಂತ ಹೇಳಿಲ್ಲ. ಕಾನೂನು ಏನಿದೆ ಅಂತ ಪತ್ತೆ ಹಚ್ಚಲು ಸಹಾಯಕ ಸಾಧನ ಅಂದಿದೆ. ಈ ವ್ಯತ್ಯಾಸ ಬಿಟ್ಟರೆ ಉತ್ತರ ಪತ್ರಿಕೆಯಲ್ಲಿ ಅಂಕ ಹೋಗುತ್ತದೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಕೇಸ್ ಒಂದಿದೆ. 1898ರ ಸ್ಪೇನ್-ಅಮೆರಿಕ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಕ್ಯೂಬಾದ ಎರಡು ಮೀನುಗಾರಿಕೆ ದೋಣಿಗಳನ್ನು ಹಿಡಿದು ಹರಾಜು ಹಾಕಿತು. ಒಂದರ ಹೆಸರು ಪಾಕೆತೆ ಹಬಾನಾ. ಬಡ ಮೀನುಗಾರರು, ಯುದ್ಧ ಶುರುವಾಗಿದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ. ದಡದ ಹತ್ತಿರ ಮೀನು ಹಿಡಿಯುವ ದೋಣಿಗಳನ್ನು ಯುದ್ಧದಲ್ಲಿ ಮುಟ್ಟಬಾರದು ಅನ್ನುವ ರೂಢಿ ನಿಜಕ್ಕೂ ಇದೆಯಾ ಅನ್ನುವುದು ಪ್ರಶ್ನೆ. ಅಮೆರಿಕದ ಸುಪ್ರೀಂ ಕೋರ್ಟ್ 1900ರಲ್ಲಿ ನೂರಾರು ವರ್ಷಗಳ ರಾಜಾಜ್ಞೆಗಳನ್ನು, ಒಪ್ಪಂದಗಳನ್ನು, ಬೇರೆ ಬೇರೆ ದೇಶದ ಪಂಡಿತರ ಪುಸ್ತಕಗಳನ್ನು ಹುಡುಕಿ ಓದಿತು. ರೂಢಿ ಇದೆ, ನೀವು ಹಿಡಿದದ್ದು ತಪ್ಪು ಅಂತ ತನ್ನ ಸರ್ಕಾರದ ವಿರುದ್ಧವೇ ತೀರ್ಪು ಕೊಟ್ಟಿತು. ಅಲ್ಲಿ ಕೋರ್ಟ್ ಹೇಳಿದ ಸಾರ ಹೀಗಿದೆ: ಪಂಡಿತರನ್ನು ಓದುವುದು ಕಾನೂನು ಹೇಗಿರಬೇಕು ಅನ್ನುವ ಅವರ ಊಹೆಗಾಗಿ ಅಲ್ಲ, ಅದು ನಿಜವಾಗಿ ಹೇಗಿದೆ ಅನ್ನುವುದಕ್ಕೆ ನಂಬಬಹುದಾದ ಸಾಕ್ಷಿಗಾಗಿ.

ಈಗ ಹೆಲ್ಸಿಂಕಿ. 1966ರಲ್ಲಿ ಅದನ್ನು ಬರೆದದ್ದು ಇಂಟರ್‌ನ್ಯಾಷನಲ್ ಲಾ ಅಸೋಸಿಯೇಷನ್. ಅದು ವಿದ್ವಾಂಸರು, ವಕೀಲರ ಖಾಸಗಿ ಸಂಘ. ಯಾವ ದೇಶವೂ ಸಹಿ ಹಾಕಿಲ್ಲ. ಆದರೂ ನದಿಯ ಜಗಳ ಎಲ್ಲಿ ನಡೆದರೂ ಅದರ ಹೆಸರು ಬರುತ್ತದೆ. ಕಾರಣ ಏನೆಂದರೆ ಅವರು ಗಾಳಿಯಿಂದ ತೆಗೆದು ಬರೆಯಲಿಲ್ಲ. ದೇಶಗಳು, ಕೋರ್ಟುಗಳು ಆಗಲೇ ಮಾಡುತ್ತಿದ್ದದ್ದನ್ನು ಒಟ್ಟು ಮಾಡಿದರು. ನದಿಯ ಕಣಿವೆ ಎಷ್ಟು ಯಾರಲ್ಲಿದೆ, ಹಿಂದಿನಿಂದ ಯಾರು ಬಳಸುತ್ತಿದ್ದಾರೆ, ಜನ ಎಷ್ಟು, ಬೇರೆ ನೀರು ಇದೆಯಾ, ಎಲ್ಲ ನೋಡಿ ನ್ಯಾಯವಾದ ಪಾಲು ಅಂದರು. 1997ರಲ್ಲಿ ವಿಶ್ವಸಂಸ್ಥೆಯ ನದಿ ಒಪ್ಪಂದ ಬಂದಾಗ ಅದೇ ಆಲೋಚನೆ ಅದರೊಳಗೆ ಹೋಯಿತು. ಆ ಒಪ್ಪಂದದ ಪರ 103 ದೇಶಗಳು ಮತ ಹಾಕಿದವು. ಚೀನಾ, ಟರ್ಕಿ, ಬುರುಂಡಿ ವಿರೋಧಿಸಿದವು. ಭಾರತ ಯಾವ ಕಡೆಗೂ ಮತ ಹಾಕಲಿಲ್ಲ.

ಕಾವೇರಿಯಲ್ಲೂ ಹೆಲ್ಸಿಂಕಿ ಬಂತು. ನದಿ ಯಾವ ರಾಜ್ಯದ ಸ್ವತ್ತೂ ಅಲ್ಲ ಅಂದಿತು ಕೋರ್ಟ್, ಹಾರ್ಮನ್ ದಾರಿ ಅಲ್ಲಿಗೆ ಮುಚ್ಚಿತು. ಆದರೆ ಅದೇ ನ್ಯಾಯವಾದ ಪಾಲಿನ ತರ್ಕದಿಂದ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ಟಿಎಂಸಿ ಸಿಕ್ಕಿದ್ದು ತಮಿಳುನಾಡಿನ ಕಾವೇರಿ ಬಯಲಿನಲ್ಲಿ ಅಂತರ್ಜಲ ಇದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವ ಕಾರಣಕ್ಕೆ. "ನೀರೆಲ್ಲ ನಮ್ಮದು" ಅಂತ ಕೂತಿದ್ದರೆ ಈ ಲೆಕ್ಕ ಹಾಕಿಸುವ ಅವಕಾಶವೇ ಇರುತ್ತಿರಲಿಲ್ಲ.

ಬೇತಮಂಗಲ_ರೈತ:

ಓದುತ್ತಾ ಕೂತಿದ್ದೆ, ಈಗ ಕೇಳುತ್ತೇನೆ. ನಮ್ಮ ಕೆರೆ ಪಾಲಾರಿನದು. ಒಂದು ಕಾಲದಲ್ಲಿ ಕೆಜಿಎಫ್ ಗಣಿಯವರೆಲ್ಲ ಇದೇ ನೀರು ಕುಡಿದದ್ದು. ಈಗ ಜಿಲ್ಲೆಯ ಕೆರೆಗಳಿಗೆ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬರುತ್ತಿದೆ. ಬೋರ್‌ಗಳಲ್ಲಿ ನೀರು ಬಂದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡನೇ ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ನಾವು ಕೇಳುತ್ತಲೇ ಇದ್ದೇವೆ. ಹಾನಿ ಆಗಿದೆ ಅಂತ ಮೊದಲು ತೋರಿಸಿ ಅನ್ನುತ್ತಾರೆ. ಭೂಮಿ ಒಳಗಿನ ನೀರು ಕೆಟ್ಟ ಮೇಲೆ ತೋರಿಸಿ ಏನು ಪ್ರಯೋಜನ? ಇದಕ್ಕೆ ನಿಮ್ಮ ಸಿದ್ಧಾಂತಗಳಲ್ಲಿ ಏನಾದರೂ ಇದೆಯಾ?

ಗೌರಿಬಿದನೂರು_ಲಾ:

ಇದೆ ಅಣ್ಣ, ಅದೂ ನಿಮ್ಮ ಪಾಲಾರಿನಿಂದಲೇ ಬಂದದ್ದು. ಕೆಳಗೆ ವೆಲ್ಲೂರು ಕಡೆ ಚರ್ಮ ಹದ ಮಾಡುವ ಕಾರ್ಖಾನೆಗಳು ಪಾಲಾರಿಗೆ ಕೊಳೆನೀರು ಬಿಟ್ಟು ನದಿಯನ್ನೂ ಬಾವಿಗಳನ್ನೂ ಹಾಳು ಮಾಡಿದವು. ಅಲ್ಲಿನ ನಾಗರಿಕರ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಆಗಸ್ಟ್ 28ರಂದು ತೀರ್ಪು ಬಂತು. ಗಂಭೀರ ಹಾನಿಯ ಭಯ ಇದ್ದಾಗ ವಿಜ್ಞಾನದಲ್ಲಿ ಪೂರ್ತಿ ಖಚಿತ ಇಲ್ಲ ಅನ್ನುವ ನೆಪದಲ್ಲಿ ತಡೆಯುವ ಕೆಲಸ ಮುಂದೂಡಬಾರದು, ಇದು ಮುನ್ನೆಚ್ಚರಿಕೆಯ ತತ್ವ. 1992ರ ರಿಯೋ ಘೋಷಣೆಯಲ್ಲಿ 15ನೇ ತತ್ವ ಅದು. ಘೋಷಣೆಗೆ ಒಪ್ಪಂದದ ಬಲ ಇಲ್ಲ. ಆದರೆ ನಮ್ಮ ಕೋರ್ಟ್ ಅದನ್ನು ರೂಢಿಯ ಅಂತರರಾಷ್ಟ್ರೀಯ ಕಾನೂನಿನ ಭಾಗ ಅಂದಿತು, ಸಂವಿಧಾನದ 21ನೇ ವಿಧಿಗೆ ಜೋಡಿಸಿ ಈ ನೆಲದ ಕಾನೂನು ಮಾಡಿತು. ನಮ್ಮ ಕೆಲಸದಿಂದ ಹಾನಿ ಇಲ್ಲ ಅಂತ ತೋರಿಸುವ ಹೊಣೆ ಕೆಲಸ ಮಾಡುವವರದ್ದೇ ಅಂದಿತು. ನೀವು ಕೇಳಿದ್ದು ಇದನ್ನೇ ಅಲ್ವಾ?

ಹೊರಗಡೆ ಈ ತತ್ವಕ್ಕೆ ಇಷ್ಟು ಬಲ ಇಲ್ಲ. ಉರುಗ್ವೆ ನದಿ ದಡದಲ್ಲಿ ಕಾಗದದ ತಿರುಳಿನ ಕಾರ್ಖಾನೆ ಕಟ್ಟಲು ಉರುಗ್ವೆ ದೇಶ ಬಿಟ್ಟಿತು ಅಂತ ಅರ್ಜೆಂಟೀನಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2010ರ ತೀರ್ಪಿನಲ್ಲಿ ಆ ಕೋರ್ಟ್, ಒಪ್ಪಂದವನ್ನು ಅರ್ಥ ಮಾಡಿಕೊಳ್ಳುವಾಗ ಮುನ್ನೆಚ್ಚರಿಕೆಯ ದೃಷ್ಟಿ ಉಪಯೋಗಕ್ಕೆ ಬರಬಹುದು, ಆದರೆ ರುಜುವಾತಿನ ಹೊಣೆ ಅದರಿಂದ ಎದುರಿನವರ ಮೇಲೆ ಹೋಗುವುದಿಲ್ಲ ಅಂದಿತು. ಅಂದರೆ ಅದೇ ತತ್ವ ಹೇಗ್‌ನಲ್ಲಿ ಮೆತ್ತಗಿದೆ, ದೆಹಲಿಯಲ್ಲಿ ಗಟ್ಟಿಯಾಗಿದೆ. ಕೋಲಾರದ ಅರ್ಜಿಯಲ್ಲಿ ರಿಯೋ ಘೋಷಣೆ ಒಂದನ್ನೇ ಬರೆದರೆ ಸಾಲದು, 1996ರ ತೀರ್ಪಿನ ಮೇಲೆ ನಿಲ್ಲಬೇಕು. ಜೊತೆಗೆ ನೀರಿನ ಪರೀಕ್ಷೆಯ ವರದಿಗಳೂ ಬೇಕು. ಹೊಣೆ ಅವರದ್ದು ಅಂತ ನಾವು ಬರಿಗೈಲಿ ಹೋಗುವ ಹಾಗಿಲ್ಲ.

ಬೇತಮಂಗಲ_ರೈತ:

ತುಂಬಾ ಉಪಕಾರ ಆಯಿತಮ್ಮ. ನಮ್ಮ ಸಂಘದವರಿಗೆ ಇದನ್ನು ತೋರಿಸುತ್ತೇನೆ.

ಚಿಂತಾಮಣಿ_ಮೇಷ್ಟ್ರು:

ಒಂದೇ ಸಿದ್ಧಾಂತ ಎರಡು ಕಡೆ ಎರಡು ಥರ ಆದರೆ ಅದನ್ನು ನಂಬುವುದು ಹೇಗೆ? ಜನಕ್ಕೆ ಇದನ್ನು ಹೇಗೆ ವಿವರಿಸುವುದು?

ತುಮಕೂರು_ವಕೀಲ:

ಮೇಷ್ಟ್ರೇ, ಇನ್ನೂ ಕಷ್ಟದ ಉದಾಹರಣೆ ಇದೆ. 2001ರ ಕೊನೆಯಲ್ಲಿ ಅರ್ಜೆಂಟೀನಾದ ಆರ್ಥಿಕತೆ ಕುಸಿಯಿತು. ಸರ್ಕಾರ ಗ್ಯಾಸ್ ದರ ತಡೆಹಿಡಿಯಿತು. ವಿದೇಶಿ ಕಂಪನಿಗಳು ಮಧ್ಯಸ್ಥಿಕೆಗೆ ಹೋದವು. ಬೇರೆ ದಾರಿಯೇ ಇರಲಿಲ್ಲ, ಅನಿವಾರ್ಯತೆ ಇತ್ತು ಅಂತ ಅರ್ಜೆಂಟೀನಾ ವಾದಿಸಿತು. 2005ರಲ್ಲಿ ಸಿಎಂಎಸ್ ಕಂಪನಿಯ ಕೇಸಿನಲ್ಲಿ ಆ ವಾದ ಬಿದ್ದುಹೋಯಿತು. 2006ರಲ್ಲಿ ಎಲ್‌ಜಿ ಆಂಡ್ ಇ ಕೇಸಿನಲ್ಲಿ ಇನ್ನೊಂದು ಪೀಠ ಒಂದು ಅವಧಿಯ ಮಟ್ಟಿಗೆ ಅದೇ ವಾದವನ್ನು ಒಪ್ಪಿತು. ಅದೇ ಬಿಕ್ಕಟ್ಟು, ಅದೇ ಅಮೆರಿಕ-ಅರ್ಜೆಂಟೀನಾ ಹೂಡಿಕೆ ಒಪ್ಪಂದ, ಉತ್ತರ ಮಾತ್ರ ಬೇರೆ. ಇದು ಈ ಕ್ಷೇತ್ರದ ನಿಜವಾದ ದೌರ್ಬಲ್ಯ, ನಾನು ಮುಚ್ಚಿಡುವುದಿಲ್ಲ. ಹಿಂದಿನ ತೀರ್ಪು ಮುಂದಿನ ಪೀಠವನ್ನು ಕಟ್ಟಿಹಾಕುವುದಿಲ್ಲ. ಅದಕ್ಕೇ ಪಂಡಿತರ ಟೀಕೆಗೆ ಇಲ್ಲಿ ಬೆಲೆ ಇರುವುದು, ತೀರ್ಪುಗಳ ಒಳಗಿನ ವಿರೋಧವನ್ನು ಎತ್ತಿ ತೋರಿಸುವ ಕೆಲಸ ಬೇರೆ ಯಾರೂ ಮಾಡುವುದಿಲ್ಲ.

ಮಕ್ಕಳಿಗೆ ಹೇಳುವುದಾದರೆ ನಮ್ಮವರ ಕಥೆ ಒಂದು ಹೇಳಿ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಅದಕ್ಕೂ ಮುಂಚೆ 1940ರ ದಶಕದ ಆರಂಭದಲ್ಲಿ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳ ನಡುವೆ ಸಿಂಧೂ ನೀರಿನ ಜಗಳ ಬಂದಾಗ ವಿಚಾರಣಾ ಆಯೋಗಕ್ಕೆ ಅವರೇ ಅಧ್ಯಕ್ಷರು. ಬೇರೆ ದೇಶಗಳ ತೀರ್ಪುಗಳನ್ನೆಲ್ಲ ಓದಿ, ನೆಲದ ಒಡೆತನದಿಂದ ಇದು ಬಗೆಹರಿಯುವುದಿಲ್ಲ, ನ್ಯಾಯವಾದ ಹಂಚಿಕೆಯೇ ದಾರಿ ಅಂದರು. ಹೆಲ್ಸಿಂಕಿಗಿಂತ ಎರಡು ದಶಕಕ್ಕೂ ಮೊದಲು! ಮುಂದೆ 1952ರಲ್ಲಿ ಅವರು ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು. ಹೊರಗಿನವರು ಮಾಡಿದ ಸಿದ್ಧಾಂತವನ್ನು ನಾವು ಸುಮ್ನೆ ಒಪ್ಪಿಕೊಂಡೆವು ಅನ್ನುವುದು ಪೂರ್ತಿ ನಿಜ ಅಲ್ಲ. ಅದನ್ನು ಕಟ್ಟುವಾಗ ನಮ್ಮವರ ಕೈಯೂ ಇತ್ತು.

ಮಾಲೂರು_ಓದುಗಿ:

ಕೊನೆಯದಾಗಿ ಯರಗೋಳಿಗೆ ಬರೋಣ ಸರ್. ಹಾರ್ಮನ್ ಬಿಟ್ಟರೆ ಮೇಲ್ಗಡೆ ಇರುವ ನಮಗೆ ಬೇರೆ ಆಧಾರ ಏನಿದೆ? ಕೆಳಗಿನವರ ಒಪ್ಪಿಗೆ ಇಲ್ಲದೆ ಏನೂ ಕಟ್ಟಬಾರದಾ?

ತುಮಕೂರು_ವಕೀಲ:

ಆಧಾರ ಇದೆ, ಹಾರ್ಮನ್‌ಗಿಂತ ಗಟ್ಟಿಯಾದದ್ದು. 1957ರ ಲಾನೂ ಸರೋವರದ ತೀರ್ಪು ಓದಿ. ಫ್ರಾನ್ಸ್ ತನ್ನ ಕಡೆಯ ಸರೋವರದ ನೀರನ್ನು ವಿದ್ಯುತ್ತಿಗೆ ತಿರುಗಿಸಿ, ಅಷ್ಟೇ ನೀರನ್ನು ಸ್ಪೇನ್ ಕಡೆಗೆ ಹರಿಯುವ ನದಿಗೆ ವಾಪಸ್ ಬಿಡುವ ಯೋಜನೆ ಹಾಕಿತು. ನಮ್ಮ ಒಪ್ಪಿಗೆ ಬೇಕೇ ಬೇಕು ಅಂದಿತು ಸ್ಪೇನ್. ಮಧ್ಯಸ್ಥ ಪೀಠ ಒಪ್ಪಲಿಲ್ಲ. ಮೇಲಿನವರು ಕೆಳಗಿನವರಿಗೆ ತಿಳಿಸಬೇಕು, ಅವರ ಹಿತವನ್ನು ಪ್ರಾಮಾಣಿಕವಾಗಿ ಲೆಕ್ಕಕ್ಕೆ ತೆಗೆದುಕೊಂಡು ಮಾತಾಡಬೇಕು, ಆದರೆ ಕೆಳಗಿನವರಿಗೆ ತಡೆಯುವ ಹಕ್ಕು ಇಲ್ಲ ಅಂದಿತು. ಕುಡಿಯುವ ನೀರಿಗಾಗಿ ಸಣ್ಣ ಡ್ಯಾಮ್ ಕಟ್ಟುವ ಕೋಲಾರಕ್ಕೆ ಈ ತರ್ಕ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಹಾರ್ಮನ್ ಹೇಳುವವರು ಇನ್ನೊಂದನ್ನು ಯೋಚಿಸಬೇಕು. ಬ್ರಹ್ಮಪುತ್ರಕ್ಕೆ ನಾವು ಕೆಳಗಿನವರು, ಚೀನಾ ಮೇಲಿನದು. ನೆಲ ಯಾರದ್ದೋ ನೀರೂ ಅವರದ್ದೇ ಅನ್ನುವ ಮಾತನ್ನು ಭಾರತ ಒಂದು ಕಡೆ ಒಪ್ಪಿದರೆ ಅಲ್ಲಿ ಅದನ್ನೇ ತೆಗೆದು ಓದುತ್ತಾರೆ.

ಯರಗೋಳಿನಲ್ಲಿ ಕೊನೆಗೆ ನಡೆದದ್ದು ನಮ್ಮದೇ ಕಾಯ್ದೆಯ ಪ್ರಕಾರ. 1892ರ ಒಪ್ಪಂದ ಹಿಡಿದು ತಮಿಳುನಾಡು ಹೋಗಿತ್ತು, ಕೆಲಸ ನಿಲ್ಲಿಸಿ ಅಂದಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿ ತಳ್ಳಿಹಾಕಿತು, ಬೇಕಾದರೆ 1956ರ ಕಾಯ್ದೆಯಡಿ ನ್ಯಾಯಮಂಡಳಿ ಕೇಳಿ ಅಂದಿತು. ಡ್ಯಾಮ್ ಮುಗಿಯಿತು. ನಿಮ್ಮ ಮಾಲೂರಿಗೂ ಕೋಲಾರ, ಬಂಗಾರಪೇಟೆಗೂ ಕುಡಿಯುವ ನೀರಿಗೆ ಅಂತಲೇ ಅದನ್ನು ಕಟ್ಟಿದ್ದು. ದಕ್ಷಿಣ ಪಿನಾಕಿನಿಯ ಹಂಚಿಕೆಯ ವಾದ ನಡೆಯುವಾಗ ನಮ್ಮ ಕಡೆಯಿಂದ ಹೋಗಬೇಕಾದದ್ದು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮಳೆ, ಕೆರೆ, ಬೋರ್‌ವೆಲ್ ಆಳ, ಫ್ಲೋರೈಡ್, ಕುಡಿಯುವ ನೀರಿನ ಕೊರತೆ, ಇವುಗಳ ಲೆಕ್ಕ. ಮೇಷ್ಟ್ರೇ, ನೀವು ಪಾಠ ಮಾಡಿದ ಊರುಗಳ ನೀರಿನ ವರದಿಗಳು ಪಂಚಾಯಿತಿಗಳಲ್ಲಿ ಸಿಗುತ್ತವಾ? ಸಿಕ್ಕರೆ ಇಲ್ಲಿ ಹಾಕಿ.

ಚಿಂತಾಮಣಿ_ಮೇಷ್ಟ್ರು:

ಕೆಲವು ನನ್ನ ಹತ್ತಿರವೇ ಇವೆ. ಉಳಿದದ್ದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. 1892ರ ಒಪ್ಪಂದ ಅನ್ಯಾಯ ಅನ್ನುವ ಮಾತನ್ನು ಮಾತ್ರ ನಾನು ಬಿಡುವುದಿಲ್ಲ, ಅದನ್ನೂ ಜೊತೆಗೇ ಬರೆಯುತ್ತೇನೆ.